ನಾಲ್ಕು ಬೆರಳುದ್ದದ ಗಂಟಲು

ಚನ್ನಬಸವಯ್ಯನವರಿಗೆ ಗಂಟಲಿನ ಕ್ಯಾನ್ಸರಿಗೆ ಆಪರೇಷನ್ ಆಗಿ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದಾರೆ, ಇನ್ನು ಅವರಿಗೆ ಮಾತು ಬರುವುದಿಲ್ಲ ಎಂಬ ಸುದ್ದಿ ಕೇಳಿದಾಗ ನನ್ನ ಮನಸ್ಸಿಗೆ ಮೊದಲು ಬಂದ ಯೋಚನೆ ಒಳ್ಳೆಯದಾಗಿರಲಿಲ್ಲ. ಇನ್ನು ಮೇಲೆ ಭಾನುವಾರ ನೆಮ್ಮದಿಯಾಗಿ ಲೇತು ಹಾಕಬಹುದು ಅಂದುಕೊಂಡೆ. ಮರುಕ್ಷಣವೇ ನಾಚಿಕೆಯಾಯಿತು, ಅದು ಬೇರೆ ಮಾತು. ಆದರೆ ಮೊದಲು ಬಂದದ್ದು ಅದೇ, ಸುಳ್ಳು ಯಾಕೆ ಹೇಳಲಿ.

ಅರಸೀಕೆರೆಯಲ್ಲಿ ಅವರದೂ ನಮ್ಮದೂ ಅಕ್ಕಪಕ್ಕದ ಮನೆ, ನಡುವೆ ಒಂದೇ ಗೋಡೆ. ನಾನು ಜಾವಗಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಉಳಿದ ಹೊತ್ತು ಹಿತ್ತಲ ಕೋಣೆಯಲ್ಲಿರುತ್ತೇನೆ. ಹಿಂದೆ ನಮ್ಮ ಮಾವನವರು ಕೊಬ್ಬರಿ ತುಂಬುತ್ತಿದ್ದ ಆ ಕೋಣೆಯಲ್ಲಿ ಈಗ ಒಂದು ಸಣ್ಣ ಲೇತು, ವೈಸು, ಡ್ರಿಲ್ಲು, ಹತ್ತು ಹದಿನೈದು ಅರ, ಎರಡು ಸೋಲ್ಡರಿಂಗ್ ಐರನ್, ಮಲ್ಟಿಮೀಟರು ಎಲ್ಲ ಇವೆ. ಕೆಲವರು ರಂಗೋಲಿ ಹಾಕುತ್ತಾರೆ, ಕೆಲವರು ಸೀರಿಯಲ್ ನೋಡುತ್ತಾರೆ, ನಾನು ಕಬ್ಬಿಣ ಕಡೆಯುತ್ತೇನೆ. ನನ್ನ ಗಂಡ ರಾಜಶೇಖರ್ ಮದುವೆಯಾಗಿ ಮೂರು ವರ್ಷಕ್ಕೆ ಇದನ್ನು ಒಪ್ಪಿಕೊಂಡರು. ಪಕ್ಕದ ಮನೆಯ ಚನ್ನಬಸವಯ್ಯನವರು ಇಪ್ಪತ್ತು ವರ್ಷವಾದರೂ ಒಪ್ಪಿಕೊಂಡಿರಲಿಲ್ಲ.

ಅವರದು ಕೊಬ್ಬರಿ ಮಂಡಿ. ಮಂಡಿಯಲ್ಲಿ ಕೂಗಿ ಕೂಗಿ ಬೆಳೆಸಿದ ಗಂಟಲು. ಪ್ರತಿ ಸೋಮವಾರ ಮಠದ ಭಜನೆಯಲ್ಲಿ ವಚನ ಹಾಡುವುದೂ ಅವರೇ. ಅವರು ಪಡಸಾಲೆಯಲ್ಲಿ ಮಾತಾಡಿದರೆ ನಮ್ಮ ಅಡುಗೆಮನೆಯಲ್ಲಿ ಕೇಳುತ್ತಿತ್ತು. ನಾನು ಲೇತು ಹಾಕಿದ ಕೂಡಲೇ ಗೋಡೆಯಾಚೆಯಿಂದ ಶುರುವಾಗುತ್ತಿತ್ತು: "ಏನಮ್ಮಾ ಹೇಮಾ, ಬಸ್ತಿಹಳ್ಳಿ ಬಸದೀಗೆ ಇನ್ನೊಂದು ಕಂಬ ಕಡೀತಿದ್ದೀಯೇನು?" ಹಳೇಬೀಡಿನ ಪಕ್ಕದ ಆ ಜೈನ ಬಸದಿಯಲ್ಲಿ ಕನ್ನಡಿಯಂತೆ ಹೊಳೆಯುವ, ಕಡೆದು ಮಾಡಿದ ಕಲ್ಲಿನ ಕಂಬಗಳಿವೆ. ಒಂದು ಭಾನುವಾರವಂತೂ ಮೊಬೈಲಿಗೆ ಧ್ವನಿ ಸಂದೇಶವನ್ನೇ ಕಳಿಸಿದ್ದರು: "ಒಂದಿನಾನಾದ್ರೂ ಅದುಕ್ಕೆ ರಜಾ ಕೊಡಮ್ಮ! ಪೂಜೆಗೆ ಕೂತ್ರೆ ಕೈಮೇಲೆ ಲಿಂಗ ಅಲ್ಲಾಡ್ತೈತೆ ಕಣಮ್ಮ!" ನಾನು ಉತ್ತರ ಕೊಡಲಿಲ್ಲ, ಅಳಿಸಲೂ ಇಲ್ಲ. ಯಾವತ್ತಾದರೂ ಜಗಳಕ್ಕೆ ಬೇಕಾಗುತ್ತದೆ ಅಂತ ಇಟ್ಟುಕೊಂಡಿದ್ದೆ.

ಆಪರೇಷನ್ ಆಗಿ ತಿಂಗಳು ಕಳೆದ ಮೇಲೆ ನೋಡಿಕೊಂಡು ಬರಲು ಹೋದೆ. ಚನ್ನಬಸವಯ್ಯನವರು ಕುರ್ಚಿಯಲ್ಲಿ ಕೂತಿದ್ದರು. ಕತ್ತಿನ ಬುಡದಲ್ಲಿ ಉಸಿರಾಡಲು ಬಿಟ್ಟ ತೂತು, ಅದರ ಮೇಲೆ ತೆಳ್ಳಗಿನ ಬಿಳಿ ಬಟ್ಟೆ. ತೊಡೆಯ ಮೇಲೆ ಮೊಮ್ಮಗಳ ಸ್ಲೇಟು. ನನ್ನನ್ನು ನೋಡಿ ಸ್ಲೇಟಿನ ಮೇಲೆ ಬರೆದು ತೋರಿಸಿದರು: "ಕಂಬ ಮುಗೀತಾ?" ನನಗೆ ನಗು ಬಂತು. ಅವರೂ ನಕ್ಕರು. ಭುಜ ಕುಣಿಯಿತು, ಹಲ್ಲು ಕಾಣಿಸಿತು, ಸದ್ದು ಮಾತ್ರ ಇಲ್ಲ. ಪಕ್ಕದಲ್ಲಿ ಚಾಪೆಯ ಮೇಲೆ ಕೂತಿದ್ದ ಅವರ ಹೆಂಡತಿ ಶಿವಗಂಗಮ್ಮನವರಿಗೆ ಗಂಡ ನಕ್ಕದ್ದು ಗೊತ್ತೇ ಆಗಲಿಲ್ಲ.

ಶಿವಗಂಗಮ್ಮನವರಿಗೆ ಕಣ್ಣಿಲ್ಲ. ಸಕ್ಕರೆ ಕಾಯಿಲೆ ಎರಡೂ ಕಣ್ಣು ತಿಂದು ನಾಲ್ಕು ವರ್ಷವಾಯಿತು. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಆದರೆ ಎರಡನ್ನೂ ಜೋಡಿಸಿ ನಾನು ಯೋಚಿಸಿರಲಿಲ್ಲ. ಒಬ್ಬರು ಬರೆಯುತ್ತಾರೆ, ಇನ್ನೊಬ್ಬರಿಗೆ ಓದಲು ಆಗುವುದಿಲ್ಲ. ಸೊಸೆ ಮೀನಾಕ್ಷಿ ಕೈಕೆಲಸ ಬಿಟ್ಟು ಬಂದು ಸ್ಲೇಟು ನೋಡಿ, "ಅತ್ತೆ, ನೀವು ಕಾಪಿ ಕುಡಿದ್ರಾ ಅಂತ ಮಾವ ಕೇಳ್ತಾವ್ರೆ" ಅಂತ ಓದಿ ಹೇಳಬೇಕು. ಮೀನಾಕ್ಷಿ ಒಳಗೆ ಹೋದರೆ ಇಬ್ಬರ ನಡುವೆ ಏನೂ ಇಲ್ಲ. ಚನ್ನಬಸವಯ್ಯನವರು ಬೀಗದ ಕೈ ಗೊಂಚಲಿನಿಂದ ಮೇಜಿಗೆ ಒಂದು ಸಲ ಬಡಿದರೆ ಹೌದು, ಎರಡು ಸಲ ಬಡಿದರೆ ಇಲ್ಲ. ನಲವತ್ತೊಂದು ವರ್ಷ ಸಂಸಾರ ಮಾಡಿದವರಿಗೆ ಉಳಿದದ್ದು ಅಷ್ಟೇ.

ಹೊರಡುವಾಗ ಶಿವಗಂಗಮ್ಮನವರು ಗೋಡೆ ಸವರಿಕೊಂಡು ನನ್ನ ಜೊತೆ ಬಾಗಿಲವರೆಗೆ ಬಂದರು. ಅಲ್ಲಿ ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದರು: "ಹೇಮಾ, ಅವರ ಮುಖ ಹೆಂಗೈತೆ? ಕೋಪದಾಗವ್ರಾ?"

"ಇಲ್ಲ ಅತ್ತೆ, ಈಗ ತಾನೇ ನಗ್ತಿದ್ರು."

"ಎಲ್ರೂ ಹಂಗೇ ಹೇಳ್ತೀರಾ."

ಆಮೇಲೆ ಹೇಳಿದರು. ಆಪರೇಷನ್ ಬೇಡ ಅಂತ ಗಂಡ ಹಟ ಹಿಡಿದಿದ್ದರಂತೆ. ಇದ್ದಷ್ಟು ದಿನ ಮಾತಾಡಿಕೊಂಡಿದ್ದು ಹೋಗುತ್ತೇನೆ, ಮೂಗನ ಹಾಗೆ ಬದುಕಲಾರೆ ಅಂದರಂತೆ. ಇವರು ಎರಡು ದಿನ ಬಾಯಿಗೆ ನೀರು ಹಾಕದೆ ಕೂತರಂತೆ. ಕೊನೆಗೆ ಅವರು ಒಪ್ಪಿದರು. ಆದರೆ ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗುವಾಗ ಹೆಂಡತಿಯ ಕಡೆ ತಿರುಗಿ ಹೇಳಿದ್ದು ಇಷ್ಟು: "ನಿನ್ ಹಟಕ್ಕೆ ಮಾಡಿಸ್ಕೊತಾ ಇವ್ನಿ. ನಾಳೆ ನನ್ ಬಾಯಿ ನಿಂತ್ರೆ ಅದು ನಿನ್ನಿಂದ್ಲೇ, ತಿಳ್ಕೋ."

"ಅದೇ ಕೊನೇ ಮಾತು ಹೇಮಾ, ನಾನು ಕೇಳಿದ್ದು. ಆಮೇಲೆ ಬಾಯೇ ಇಲ್ವಲ್ಲ."

ಕೋಪ ಇಲ್ಲ ಅಂತ ಅವರೇ ಬರೆದು ಓದಿಸಬಹುದಲ್ಲ ಅಂದೆ. ಬರೆದಿದ್ದಾರಂತೆ. ಮೀನಾಕ್ಷಿ ಓದಿಯೂ ಹೇಳಿದ್ದಾಳಂತೆ. "ಸೊಸೆ ಒಳ್ಳೇವ್ಳು ಕಣಮ್ಮ. ನನ್ನ ಸಮಾಧಾನಕ್ಕೆ ಏನ್ ಬೇಕಾದ್ರೂ ಓದ್ತಾಳೆ. ಕೋಪವಾ ಅಂತ ನಾನೇ ಕೇಳಿದ್ರೆ ಮೇಜಿನ ಮೇಲೆ ಎರಡು ಸಲ ಬಡೀತಾರೆ, ಇಲ್ಲ ಅಂತ. ಹೆಂಗ್ ಬಡೀತಾರೆ ಗೊತ್ತಾ? ಮೇಜು ಮುರಿಯೋ ಹಂಗೆ. ಕೋಪ ಅಲ್ದೆ ಇನ್ನೇನು?"

ಕೈ ಹಿಡಿದುಕೊಂಡು ಹೇಳಲಿ ಅನ್ನೋಣವೆಂದರೆ, ಅವರು ಸೊಸೆ ಇರುವ ಮನೆಯಲ್ಲಿ ಹೆಂಡತಿಯ ಕೈ ಹಿಡಿಯುವ ಪೈಕಿಯವರಲ್ಲ. ನಾನು ಮನೆಗೆ ಬಂದೆ. ಅವತ್ತು ಲೇತಿನ ಮುಂದೆ ಸುಮ್ಮನೆ ಕೂತಿದ್ದೆ. ಅವರ ಬಾಯಿ ನಿಂತದ್ದಕ್ಕೆ ಖುಷಿಪಟ್ಟ ಆ ಒಂದು ಕ್ಷಣ ಇನ್ನೂ ನನ್ನನ್ನು ಬಿಟ್ಟಿರಲಿಲ್ಲ.

ಹೀಗೆ ಮಾತು ಕಳೆದುಕೊಂಡವರಿಗೆ ಒಂದು ಯಂತ್ರ ಸಿಗುತ್ತದೆ. ಟಾರ್ಚಿನಷ್ಟು ದಪ್ಪ, ನಾಲ್ಕು ಬೆರಳುದ್ದ. ಡಾಕ್ಟರು ಹೇಳಿದ್ದರಂತೆ, ಅವರ ಮಗ ಆರ್ಡರ್ ಕೂಡ ಮಾಡಿದ್ದ. ಸ್ಟಾಕ್ ಇಲ್ಲ, ಹೊರದೇಶದಿಂದ ಬರಬೇಕು, ನಾಲ್ಕು ತಿಂಗಳಾಗಬಹುದು ಅಂದಿದ್ದರು. ನಾಲ್ಕು ತಿಂಗಳು ಆ ಮೇಜು ಬಡಿಯುವ ಸದ್ದನ್ನು ಆ ಹೆಂಗಸು ಹೇಗೆ ಕೇಳಿಸಿಕೊಂಡು ಕೂರಬೇಕು? ಯಂತ್ರದ ಒಳಗೇನಿದೆ ಅಂತ ಮೊಬೈಲಿನಲ್ಲಿ ಹುಡುಕಿದೆ. ಅಂಥ ಬ್ರಹ್ಮವಿದ್ಯೆಯೇನೂ ಇರಲಿಲ್ಲ. ಒಂದು ಸಣ್ಣ ಐಸಿ ಚಿಪ್ಪು ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಕರೆಂಟನ್ನು ಬಿಡುತ್ತದೆ, ಹಿಡಿಯುತ್ತದೆ. ಆ ಕರೆಂಟು ತಾಮ್ರದ ತಂತಿಯ ಸುರುಳಿಗೆ ಹೋಗುತ್ತದೆ. ಸುರುಳಿಯೊಳಗಿನ ಕಬ್ಬಿಣದ ತುಂಡು ಅಷ್ಟೇ ಸಲ ಮುಂದಿನ ಬಿಲ್ಲೆಗೆ ಬಡಿಯುತ್ತದೆ. ಬಿಲ್ಲೆಯನ್ನು ಕತ್ತಿಗೋ ಕೆನ್ನೆಗೋ ಒತ್ತಿ ಹಿಡಿದು ತುಟಿ ನಾಲಿಗೆ ಆಡಿಸಿದರೆ ಆ ಸದ್ದೇ ಮಾತಾಗುತ್ತದೆ. ನನ್ನ ಎಂಟನೇ ಕ್ಲಾಸಿನ ಕರೆಗಂಟೆಯ ಪಾಠವೇ ಇದು, ಸ್ವಲ್ಪ ಬುದ್ಧಿ ಜಾಸ್ತಿ ಅಷ್ಟೇ.

ಪಾಠ ಮಾಡುವುದು ಸುಲಭ. ಕೆಲಸಕ್ಕೆ ಕೂತಾಗ ಗೊತ್ತಾಯಿತು. ಕೂದಲಿನಷ್ಟು ತೆಳ್ಳಗಿನ ತಂತಿ ಅರಸೀಕೆರೆಯಲ್ಲಿ ಸಿಗಲಿಲ್ಲ. ಒಂದು ಶನಿವಾರ ಸ್ಕೂಲು ಬಿಟ್ಟ ಮೇಲೆ ಅದೇ ಬಸ್ಸು ಹಿಡಿದು ಹಳೇಬೀಡಿಗೆ ಹೋದೆ. ಅಲ್ಲಿ ದೇವೀರಪ್ಪನವರ ರೇಡಿಯೋ ರಿಪೇರಿ ಅಂಗಡಿಯಿದೆ. ಈಗ ಯಾರೂ ರೇಡಿಯೋ ತರುವುದಿಲ್ಲ, ಆದರೂ ಅವರು ಬಾಗಿಲು ತೆರೆಯುವುದನ್ನು ಬಿಟ್ಟಿಲ್ಲ. ನಾನು ವಿಷಯ ಹೇಳಿದ ಮೇಲೆ ಹಳೇ ಟೇಪ್ ರೆಕಾರ್ಡರುಗಳ ರಾಶಿಯನ್ನು ಕೆದಕಿ ತಂತಿಯ ಉಂಡೆಯೊಂದನ್ನೂ ಎರಡು ಅಯಸ್ಕಾಂತಗಳನ್ನೂ ತೆಗೆದುಕೊಟ್ಟರು.

"ಮೂಗಾಗಿರೋದನ್ನ ಮಾತಾಡ್ಸೋದು ತಾನೇ? ನಲವತ್ತು ವರ್ಷದಿಂದ ನಾನು ಮಾಡ್ತಿರೋದೂ ಅದೇ ಕಣಮ್ಮ. ತಗೊಂಡೋಗು," ಅಂದರು.

ಸುರುಳಿ ಸುತ್ತುವಾಗ ತಂತಿ ಮೂರು ಸಲ ಕಿತ್ತುಹೋಯಿತು. ಅಲ್ಯುಮಿನಿಯಂ ಸರಳನ್ನು ಲೇತಿಗೆ ಕಟ್ಟಿ ಒಳಗೆ ಕೊರೆದು ಕೊಳವೆ ಮಾಡಿದೆ, ಬಾಯಿಗೆ ಥ್ರೆಡ್ ಹಾಕಿದೆ. ಬಿಲ್ಲೆಯದೇ ದೊಡ್ಡ ತಲೆನೋವು. ಹಿತ್ತಾಳೆಯಲ್ಲಿ ಮಾಡಿದರೆ ದೇವರ ಮನೆ ಗಂಟೆಯ ಹಾಗೆ ಗುಂಯ್ ಅಂದಿತು. ಅಲ್ಯುಮಿನಿಯಂ ಎರಡೇ ದಿನಕ್ಕೆ ಬಗ್ಗಿತು. ಕೊನೆಗೆ ಮುರಿದು ಬಿದ್ದಿದ್ದ ಕುಕ್ಕರಿನ ಕಪ್ಪು ಹಿಡಿಯಿಂದ ಒಂದು ಬಿಲ್ಲೆ ಕಡೆದೆ. ಅದು ಸರಿಹೋಯಿತು. ರಾಜಶೇಖರ್ ವಾರವೆಲ್ಲ ಆ ಹಿಡಿಯನ್ನು ಹುಡುಕಿದರು, ಅಂಟಿಸಬೇಕು ಅಂತ. ನಾನು ಬಾಯಿ ಬಿಡಲಿಲ್ಲ.

ಇನ್ನು ಉಳಿದದ್ದು ಸ್ವರ. ಸೆಕೆಂಡಿಗೆ ಎಷ್ಟು ಸಲ ಬಡಿಯಬೇಕೆಂದು ನಾವೇ ನಿಗದಿ ಮಾಡಬೇಕು. ಹೆಚ್ಚು ಬಡಿದರೆ ಕೀರಲು, ಕಡಿಮೆ ಬಡಿದರೆ ದಪ್ಪ ಧ್ವನಿ. ಚನ್ನಬಸವಯ್ಯನವರನ್ನೇ ಕೇಳಿದೆ. ಅವರು ಎದೆ ಸೆಟೆಸಿ ಸ್ಲೇಟಿನ ಮೇಲೆ ಬರೆದರು: "ನನ್ನ ಶ್ರುತಿ ಮೂರು ಮನೆ. ಊರಿಗೇ ಗೊತ್ತು." ಹೌದು, ಊರಿಗೇ ಗೊತ್ತಿತ್ತು. ಮಠದ ಭಜನೆಯಲ್ಲಿ ಹಾರ್ಮೋನಿಯಂ ನುಡಿಸುವವರು ಅವರನ್ನು ಕೇಳದೆಯೇ ಆ ಮನೆಯ, ಅಂದರೆ ಮೂರನೇ ಬಿಳಿ ಕೀಲಿಯ, ಮೇಲೆ ಬೆರಳಿಡುತ್ತಿದ್ದರು. ಅವರ ಮಗ ಮಠದಿಂದ ಹಾರ್ಮೋನಿಯಂ ತಂದ. ಅದರ ಸದ್ದಿಗೆ ಸರಿಯಾಗಿ ನನ್ನ ಯಂತ್ರವನ್ನು ಕೂರಿಸಿದೆ. ಎರಡೂ ಕೂಡಿಕೊಂಡು ಒಂದೇ ಆದಾಗ ಮನೆಯವರೆಲ್ಲ ತಲೆದೂಗಿದರು. ನಾನೂ ಬೀಗಿದೆ. ಅಷ್ಟು ಜನರಲ್ಲಿ ಒಬ್ಬರಿಗೂ ತಪ್ಪು ಹೊಳೆಯಲಿಲ್ಲ.

ಸೋಮವಾರ ಸಂಜೆ ಪೂಜೆಯಾದ ಮೇಲೆ ಚನ್ನಬಸವಯ್ಯನವರು ಅದನ್ನು ಕೆನ್ನೆಗಿಟ್ಟು ಬಟನ್ ಒತ್ತಿದರು. ಶಿವಗಂಗಮ್ಮನವರು ಎದುರಿಗೆ ಕೂತಿದ್ದರು.

"ನಾನು ಕಣೇ," ಅಂದಿತು ಯಂತ್ರ.

ಶಿವಗಂಗಮ್ಮನವರು ತಟ್ಟನೆ ಸೆರಗು ಎಳೆದು ತಲೆ ತುಂಬ ಹೊದ್ದುಕೊಂಡರು. ಯಾರೋ ಪರ ಗಂಡಸು ಒಳಗೆ ಬಂದಂತೆ ಗೋಡೆಯ ಕಡೆಗೆ ಸರಿದರು. "ಮೀನಾಕ್ಷಿ, ಯಾರೇ ಬಂದವ್ರೆ?"

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಯಾರು ತಾನೇ ಹಾಡುವ ಶ್ರುತಿಯಲ್ಲಿ ಹೆಂಡತಿಯ ಜೊತೆ ಮಾತಾಡುತ್ತಾರೆ? ಹಾಡುವಾಗ ಗಂಟಲು ಮೇಲೇರುತ್ತದೆ, ಕಾಫಿ ಕೇಳುವಾಗ ಕೆಳಗಿರುತ್ತದೆ. ಇಷ್ಟೂ ತಿಳಿಯದೆ ಆ ಮನುಷ್ಯನ ಕೈಗೆ ಭಜನೆಯ ಸ್ವರ ಕೊಟ್ಟು ಕೂರಿಸಿದ್ದೆ. ಧ್ವನಿ ಕೀರಲಾಗಿ, ಹುಂಜಕ್ಕೆ ಸಿಟ್ಟು ಬಂದ ಹಾಗೆ ಕೇಳಿತ್ತು. ಮೊಮ್ಮಗಳು ನಕ್ಕೇಬಿಟ್ಟಳು. ಚನ್ನಬಸವಯ್ಯನವರು ಯಂತ್ರವನ್ನು ಮೇಜಿನ ಮೇಲಿಟ್ಟು ಎದ್ದು ಕೋಣೆಗೆ ಹೋದರು. ಶಿವಗಂಗಮ್ಮನವರು, "ಆ ಗೊಂಬೆ ಸದ್ದು ನಂಗೆ ಬ್ಯಾಡ ಹೇಮಾ, ಎತ್ಕೊಂಡೋಗು," ಅಂದರು. ಎತ್ತಿಕೊಂಡು ಬಂದೆ.

ನನಗೆ ಸಿಟ್ಟು ಬಂದರೆ ಕೈಗೆ ಕೆಲಸ ಬೇಕು. ಆದರೆ ಯಾವ ಸ್ವರಕ್ಕೆ ಇಡುವುದು? ಅವರು ಮಾತಾಡುವ ಧ್ವನಿ ಯಾರ ಹತ್ತಿರವಿದೆ? ಮನೆಯಲ್ಲಿದ್ದ ವಿಡಿಯೋಗಳೆಲ್ಲ ಹಾಡಿನವೇ. ಆಗ ನನ್ನ ಮೊಬೈಲಿನಲ್ಲಿದ್ದ ಬೈಗುಳ ನೆನಪಾಯಿತು. ಜಗಳಕ್ಕೆಂದು ಕಾಪಾಡಿಕೊಂಡಿದ್ದ ಅದನ್ನು ಮೊಬೈಲಿನಲ್ಲೇ ಶ್ರುತಿ ನೋಡುವ ಆ್ಯಪ್ ಹಾಕಿಕೊಂಡು ಅಳೆದೆ. ಹಾಡಿನ ಸ್ವರ ಸೆಕೆಂಡಿಗೆ ನೂರ ಅರವತ್ತೈದು, ಮಾತಿನದು ನೂರ ನಾಲ್ಕು. ಇನ್ನೊಂದು ವಿಷಯವೂ ಸಿಕ್ಕಿತು. ಅವರು ಕೆಳಗೆ ಶುರುಮಾಡುತ್ತಾರೆ, ಬೈಯುತ್ತಾ ಬೈಯುತ್ತಾ 'ಕಣಮ್ಮ' ಅನ್ನುವ ಹೊತ್ತಿಗೆ ಮೇಲಕ್ಕೆ ಹಾರುತ್ತಾರೆ.

ಸ್ವರ ಇಳಿಸುವುದಕ್ಕೆ ಒಂದು ಸ್ಕ್ರೂ ತಿರುಗಿಸಿದರೆ ಸಾಕು, ಆದರೆ ಇಳಿಸಿದ ಕೂಡಲೇ ಸದ್ದು ಸತ್ತುಹೋಯಿತು. ಒಳಗಿನ ಕಬ್ಬಿಣದ ತುಂಡೂ ಸ್ಪ್ರಿಂಗೂ ಹಳೇ ಸ್ವರಕ್ಕೆ ಹೊಂದಿಕೊಂಡಿದ್ದವು. ಮತ್ತೆ ಹೊಸ ತುಂಡು, ತೂಕದ್ದು, ಕಡೆಯಬೇಕಾಯಿತು. ಒಂದು ಸಲ ಸಣ್ಣದಾಯಿತು, ಒಂದು ಸಲ ಕೈತಪ್ಪಿ ಡ್ರಿಲ್ಲು ಬಿಟ್ ಮುರಿಯಿತು. ಬಟನ್ನಿನ ಕೆಳಗೆ ಹಳೇ ಟಿವಿ ರಿಮೋಟಿನ ರಬ್ಬರು ಕೂರಿಸಿದೆ. ಮೆತ್ತಗೆ ಒತ್ತಿದರೆ ಸ್ವರ ಕೆಳಗಿರುತ್ತದೆ, ಗಟ್ಟಿಯಾಗಿ ಒತ್ತಿದರೆ ಮೇಲೇರುತ್ತದೆ. ಅದು ಸರಿಯಾಗಿ ಕೆಲಸ ಮಾಡಲು ಎಂಟು ಸಂಜೆ ಬೇಕಾಯಿತು. ಗೋಡೆಯಾಚೆಯಿಂದ ಯಾರೂ ಕಂಬ ಕಡೀತೀಯಾ ಅಂತ ಕೇಳಲಿಲ್ಲ. ಕೇಳಬಾರದೇ ಅನ್ನಿಸುತ್ತಿತ್ತು.

ಚನ್ನಬಸವಯ್ಯನವರು ಮೊದಲು ಬರಲು ಒಪ್ಪಲಿಲ್ಲ. ಮೂರನೇ ಸಲ ಹೇಳಿ ಕಳಿಸಿದ ಮೇಲೆ ಬಂದರು. ಇಪ್ಪತ್ತು ವರ್ಷ ಬೈದಿದ್ದ ಕೋಣೆಗೆ ಅವರು ಕಾಲಿಟ್ಟದ್ದು ಅದೇ ಮೊದಲು. ಸ್ಟೂಲಿನ ಮೇಲೆ ಕೂತು ಲೇತನ್ನು ನೋಡಿದರು, ಅದರ ಹಿಡಿಯನ್ನು ಮೆಲ್ಲಗೆ ಮುಟ್ಟಿ ನೋಡಿದರು. ಸ್ಲೇಟಿನ ಮೇಲೆ ಬರೆದರು: "ಇಷ್ಟು ಚಿಕ್ಕದಾ? ಸದ್ದು ಕೇಳಿ ದೊಡ್ಡ ಮಿಲ್ಲು ಅಂದ್ಕೊಂಡಿದ್ದೆ."

ವಾರವಿಡೀ ಸಂಜೆ ಬಂದು ಅಭ್ಯಾಸ ಮಾಡಿದರು. ಕತ್ತಿನ ಚರ್ಮ ಗಟ್ಟಿಯಾಗಿದ್ದರಿಂದ ಬಿಲ್ಲೆ ಕೆನ್ನೆಗೇ ಸರಿ. ಒತ್ತುವುದು, ನಿಲ್ಲಿಸುವುದು, ಎರಡು ಮಾತಿನ ನಡುವೆ ಬೆರಳು ತೆಗೆಯುವುದು ಎಲ್ಲ ಕಲಿಯಬೇಕಿತ್ತು. ಈ ಯಂತ್ರದಲ್ಲಿ ಹಕಾರ ಬರುವುದಿಲ್ಲ. ನಮ್ಮ ಕಡೆಯವರ ಬಾಯಲ್ಲಿ ಅದು ಮೊದಲೂ ಅಷ್ಟಕ್ಕಷ್ಟೇ, ನಷ್ಟವೇನೂ ಆಗಲಿಲ್ಲ. ಶನಿವಾರದ ಹೊತ್ತಿಗೆ ಅವರು ಹೇಳಿದ್ದೆಲ್ಲ ನನಗೆ ಅರ್ಥವಾಗತೊಡಗಿತು. ಆದರೆ ಅವರಿಗೆ ತೃಪ್ತಿಯಿಲ್ಲ. ಸ್ಲೇಟು ತೆಗೆದು ಬರೆದರು: "ಅವಳಿಗೆ ಏನಂತ ಹೇಳಲಿ?"

"ಅವತ್ತು ಆಸ್ಪತ್ರೇಲಿ ಏನು ಅಂದ್ರಿ, ಅದನ್ನ ವಾಪಸ್ ತಗೊಳ್ಳಿ ಮಾವ."

ಅವರು ತಲೆ ತಗ್ಗಿಸಿದರು. ಆಮೇಲೆ ಬರೆದರು: "ಭಯಕ್ಕೆ ಅಂದಿದ್ದು. ಒಳಗೆ ಹೋದವನು ಎದ್ದು ಬರ್ತೀನೋ ಇಲ್ಲವೋ ಅಂತ." ನಾನು ಓದಿದ ಕೂಡಲೇ ಅಂಗೈಯಿಂದ ಅಳಿಸಿಬಿಟ್ಟರು. ಇದನ್ನು ಮೀನಾಕ್ಷಿಯ ಬಾಯಲ್ಲಿ ಹೇಳಿಸುವುದು ಹೇಗೆ ಸಾಧ್ಯವಿತ್ತು? ಸೊಸೆಯ ಮುಂದೆ ತಾನು ಹೆದರಿದ್ದೆ ಅಂತ ಯಾವ ಮಾವ ಬರೆಯುತ್ತಾನೆ?

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಹೋದೆವು. ಮಗ ಮಂಡಿಯ ಕೆಲಸದ ಮೇಲೆ ಬೇಲೂರಿಗೆ ಹೋಗಿದ್ದ. ಮೀನಾಕ್ಷಿಗೆ ನಾನು ಮೊದಲೇ ಹೇಳಿದ್ದೆ, ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದು ಕೂತಿದ್ದಳು. ನನಗೂ ಹೊರಗೆ ಇರುವ ಆಸೆಯಿತ್ತು. ಆದರೆ ಬ್ಯಾಟರಿಯ ಮುಚ್ಚಳ ಆಗಾಗ ಸಡಿಲವಾಗುತ್ತಿತ್ತು, ಪಕ್ಕದಲ್ಲಿರು ಅಂತ ಚನ್ನಬಸವಯ್ಯನವರು ಸನ್ನೆ ಮಾಡಿದರು. ಬಾಗಿಲ ಹತ್ತಿರ ನಿಂತುಕೊಂಡೆ. ಶಿವಗಂಗಮ್ಮನವರು ಚಾಪೆಯ ಮೇಲೆ ಕೂತು ಮಡಿಲಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಕಣ್ಣಿಲ್ಲದಿದ್ದರೂ ಅವರ ಬೆರಳು ಒಂದು ಕಾಳನ್ನೂ ಬಿಡುವುದಿಲ್ಲ.

ಚನ್ನಬಸವಯ್ಯನವರು ಅವರ ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು. ಯಂತ್ರ ಕೆನ್ನೆಗಿಟ್ಟರು. ಬಟನ್ನನ್ನು ಮೆತ್ತಗೆ, ಪಾಠ ಒಪ್ಪಿಸುವ ಮಗುವಿನಂತೆ ಜಾಗ್ರತೆಯಾಗಿ ಒತ್ತಿದರು.

"ಅವತ್ತು ನಾನು ಅಂದಿದ್ದು ತಪ್ಪು. ನೀನು ಅಟ ಮಾಡಿದ್ದೇ ಒಳ್ಳೇದಾಯ್ತು. ಬದುಕ್ಕೊಂಡೆ."

ಹಕಾರ ಬಿಟ್ಟರೆ ಒಂದು ಅಕ್ಷರ ತಪ್ಪಲಿಲ್ಲ. ಶಿವಗಂಗಮ್ಮನವರ ಕೈ ಅವರೆಕಾಯಿಯ ಮೇಲೆ ನಿಂತಿತು. ಆಮೇಲೆ ಮುಖ ಗಂಟು ಹಾಕಿಕೊಂಡು ಬಾಗಿಲ ಕಡೆಗೆ ತಿರುಗಿದರು.

"ಹೇಮಾ, ಅಲ್ಲೇ ನಿಂತಿದ್ದೀಯಲ್ವಾ? ಯಾರ ಕೈಲಿ ಹೇಳಿಸಿ ಇದ್ರಾಗೆ ತುಂಬ್ಸಿದ್ದೀಯಾ?"

"ಅತ್ತೆ, ಯಾರೂ ಇಲ್ಲ. ಮಾವನೇ ಮಾತಾಡ್ತಿರೋದು."

"ಸುಮ್ನಿರಮ್ಮ. ನಲವತ್ತೊಂದು ವರ್ಷ ಅವರ ಜೊತೆ ಬಾಳಿದ್ದೀನಿ. ಒಂದಿನಾನಾದ್ರೂ ಅವರ ಬಾಯಾಗೆ ತಪ್ಪು ಅನ್ನೋ ಮಾತು ಬಂದೈತಾ? ಹಾಲು ಉಕ್ಕಿದ್ರೂ ನನ್ ತಪ್ಪು, ಮಳೆ ಬರ್ದಿದ್ರೂ ನನ್ ತಪ್ಪು. ಕುರುಡಿ ಅಂತ ಎಲ್ರೂ ಸೇರ್ಕೊಂಡು ನಂಗೆ ಸಮಾಧಾನ ಮಾಡ್ತಿದ್ದೀರಾ." ಅವರ ಧ್ವನಿ ಒಡೆಯಿತು. "ಮಾಡ್ಬ್ಯಾಡಿ. ಅವರಿಗೆ ಕೋಪ ಇದ್ರೆ ಇರ್ಲಿ. ಸುಳ್ಳು ಮಾತ್ರ ಬ್ಯಾಡ."

ಸ್ವರ ಅಳೆದು ಸರಿಮಾಡಿದ್ದೆ. ಆ ಮನುಷ್ಯ ಜನ್ಮದಲ್ಲಿ ಆಡದ ಮಾತನ್ನು ಮೊದಲ ಮಾತಾಗಿ ಆಡಿಸಿದರೆ ಹೆಂಡತಿ ಗುರುತು ಹಿಡಿಯುವುದು ಹೇಗೆ ಅಂತ ಯೋಚಿಸಿರಲಿಲ್ಲ. ಚನ್ನಬಸವಯ್ಯನವರು ನನ್ನನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಬೀಗದ ಕೈ ಗೊಂಚಲು ಎತ್ತಿಕೊಂಡು ಮೇಜಿಗೆ ಒಂದು ಸಲ ಜೋರಾಗಿ ಬಡಿದರು.

"ನೋಡು," ಅಂದರು ಶಿವಗಂಗಮ್ಮ. "ಇದು ಅವರು. ಇದು ನಂಗೆ ಗೊತ್ತು."

ಚನ್ನಬಸವಯ್ಯನವರ ಮುಖ ಕೆಂಪಾಯಿತು. ಗೊಂಚಲು ಎಸೆದರು. ಯಂತ್ರವನ್ನು ಕೆನ್ನೆಗೆ ಒತ್ತಿ, ವಾರವಿಡೀ ನಾನು ಹೇಳಿಕೊಟ್ಟ ಮೆತ್ತಗೆ ಗಿತ್ತಗೆ ಎಲ್ಲ ಮರೆತು, ಬಟನ್ನು ಮುರಿಯುವ ಹಾಗೆ ಹಿಸುಕಿದರು.

"ಅಯ್ಯೋ ದಡ್ಡಿ! ಕಣ್ ಓಯ್ತು ಅಂದ್ರೆ ಕಿವೀನೂ ಓಯ್ತೇನೇ ನಿಂಗೆ? ನಾನೇ ಕಣೇ! ಇಷ್ಟೊತ್ತು ಇಲ್ಲಿ ಇನ್ನ್ಯಾವನು ಬಡ್ಕೊತಾವ್ನೆ ಅಂದ್ಕೊಂಡಿದ್ದೀಯಾ? ಕಾಳು ನೋಡು, ಎಲ್ಲಾ ಕೆಳಗೆ ಚೆಲ್ಲಿದ್ದೀಯಾ!"

ಕೊನೆಗೆ ಸ್ವರ ಮೇಲಕ್ಕೆ ಹಾರಿತು. ಗೋಡೆಯಾಚೆಯಿಂದ ಇಪ್ಪತ್ತು ವರ್ಷ ನಾನು ಕೇಳಿದ ಹಾರಾಟ ಅದು.

ಮಡಿಲಿನ ಮೊರ ಓರೆಯಾಗಿ ಕಾಳು ನಿಜಕ್ಕೂ ಕೆಳಗೆ ಉರುಳುತ್ತಿತ್ತು. ಶಿವಗಂಗಮ್ಮನವರ ಎರಡೂ ಕೈ ಗಾಳಿಯಲ್ಲಿ ತಡಕಾಡುತ್ತಾ ಮುಂದೆ ಹೋದವು. ಗಂಡನ ಮೊಣಕಾಲು ಸಿಕ್ಕಿತು, ಅಲ್ಲಿಂದ ತೋಳು, ತೋಳಿನಿಂದ ಕೈ, ಕೈಯಲ್ಲಿದ್ದ ಯಂತ್ರ. ಅದರ ಬಿಲ್ಲೆ ಕೆನ್ನೆಗೆ ಎಲ್ಲಿ ತಾಗಿದೆ ಅಂತ ಬೆರಳಲ್ಲಿ ಮುಟ್ಟಿ ನೋಡಿದರು.

"ಇನ್ನೊಂದ್ಸಲ ಬೈಯ್ರಿ," ಅಂದರು.

"ದಡ್ಡಿ," ಅಂದರು ಚನ್ನಬಸವಯ್ಯ. ಈ ಸಲ ಮೆತ್ತಗೆ. ಬಿಲ್ಲೆ ನಡುಗಿದ್ದು ಹೆಂಡತಿಯ ಬೆರಳಿಗೆ ತಿಳಿದಿರಬೇಕು.

ನಾನು ಹೊರಗೆ ಹೋಗಲು ಚಪ್ಪಲಿ ಮೆಟ್ಟಿಕೊಂಡೆ. ಬ್ಯಾಟರಿಯ ಮುಚ್ಚಳ ಬಿದ್ದರೆ ಬೀಳಲಿ, ಅವರೇ ಹಾಕಿಕೊಳ್ಳುತ್ತಾರೆ ಅಂದುಕೊಂಡೆ. ಕಣ್ಣು ಒರೆಸಿಕೊಂಡು ಹೊಸ್ತಿಲು ದಾಟುವಾಗ ಹಿಂದಿನಿಂದ ಶಿವಗಂಗಮ್ಮನವರ ಮಾತು ಕೇಳಿಸಿತು. ಅಷ್ಟು ಸಣ್ಣ ಧ್ವನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ.

"ಹಂಗಾರೆ... ಮೊದ್ಲು ತಪ್ಪು ಅಂತ ಹೇಳಿದ್ರಲ್ಲ, ಅದೂ ನೀವೇನಾ?"